ಎಂಟು ನಿಮಿಷದ ಚಳಿ

ಟಿಕ್ ಎಂದಿತು. ಆಮೇಲೆ ಸುಮ್ಮನಾಯಿತು.

ದಾಕ್ಷಾಯಣಿ ಕಣ್ಣು ತೆರೆಯದೆಯೇ ಎಣಿಸತೊಡಗಿದಳು. ಇಪ್ಪತ್ತೆಂಟಕ್ಕೆ ಬಂದಾಗ ಮತ್ತೆ ಟಿಕ್. ಗೋಡೆಯ ಮೇಲಿನ ಹಲ್ಲಿಯಲ್ಲ, ಗಡಿಯಾರವೂ ಅಲ್ಲ. ಮಗ್ಗುಲಲ್ಲಿ ಮಲಗಿದ್ದ ಒಂಬತ್ತು ದಿನದ ಕೂಸಿನ ಗದ್ದದ ಕೆಳಗೆ ಹುಣಸೆಬೀಜದಷ್ಟು ದೊಡ್ಡದೊಂದು ಗುಂಡಿಯಿತ್ತು, ಸದ್ದು ಅದರದು. ಕೂಸಿನ ಮೈ ಕೂದಲೆಳೆಯಷ್ಟು ತಣ್ಣಗಾದರೆ ಒಂದು ಟಿಕ್, ಕೂದಲೆಳೆಯಷ್ಟು ಬಿಸಿಯಾದರೆ ಇನ್ನೊಂದು. ಹಗಲಿನಲ್ಲಿ ಅದು ಯಾರ ಕಿವಿಗೂ ಬೀಳುತ್ತಿರಲಿಲ್ಲ. ರಾತ್ರಿ ಎರಡರ ಮೇಲೆ, ಓಣಿಯ ನಾಯಿಗಳೂ ಬೊಗಳಿ ಬೇಸತ್ತು ಮಲಗಿದ ಮೇಲೆ, ಆ ಕೋಣೆಯಲ್ಲಿ ಅದೊಂದೇ ಸದ್ದು.

ಅವಳು ಕಾಯುತ್ತಿದ್ದುದು ಬೇರೊಂದು ಸದ್ದಿಗೆ. ಕೂಸು ಅಳಲಿ ಎಂದು.

ಹಸಿವಾದರೆ ಅದು ಅಳುತ್ತಿತ್ತು, ಇಲ್ಲವೆಂದಲ್ಲ. ಬಾಯಿಗೆ ಮೊಲೆ ಸಿಕ್ಕಿತೋ, ಮುಗಿಯಿತು. ಬಂದವರೆಲ್ಲ "ಎಷ್ಟ ಶಾಣೇ ಕೂಸು" ಎಂದು ಹೊಗಳಿ ಹೋಗುತ್ತಿದ್ದರು. ಹೊಗಳಿಕೆ ಕೇಳಿದಾಗಲೆಲ್ಲ ದಾಕ್ಷಾಯಣಿ ಕೂಸಿನ ಪಾದ ಮುಟ್ಟಿ ನೋಡುತ್ತಿದ್ದಳು.

ಅದು ಧಾರವಾಡದ ಅವಳ ತವರುಮನೆಯ ಬಾಣಂತಿ ಕೋಣೆ. ಕಿಟಕಿಯ ಸಂದಿಗೆ ಹಳೆ ಸೀರೆ ತುರುಕಿತ್ತು. ಹೊಸ್ತಿಲಲ್ಲಿ ಕಬ್ಬಿಣದ ತುಂಡು, ಬೇವಿನೆಲೆ. ಹೊರಸಿನ ಕೆಳಗೆ ಶೇಗಡಿಯ ಕೆಂಡ ಬೂದಿ ಮುಚ್ಚಿಕೊಂಡು ಉಸಿರಾಡುತ್ತಿತ್ತು. ಬಾಣಂತಿ ಹನ್ನೆರಡು ದಿನ ಹೊಸ್ತಿಲು ದಾಟಬಾರದು. ಕೂಸು ನಲವತ್ತು ದಿನ ಕುಂಚಿಗೆಯಿಂದ ಹೊರಗೆ ಬರಬಾರದು. ಮೊದಲನೆಯದು ಅವ್ವನ ಕಟ್ಟಳೆ, ಎರಡನೆಯದು ದಾಕ್ಷಾಯಣಿ ಕೆಲಸ ಮಾಡುವ ಸಂಶೋಧನಾ ಕೇಂದ್ರದ ಕಟ್ಟಳೆ.

ಕುಂಚಿಗೆ ಎಂದರೆ ಆ ಕಡೆ ಎಲ್ಲರಿಗೂ ಗೊತ್ತು: ಕೂಸಿನ ನೆತ್ತಿಯಿಂದ ಬೆನ್ನಿನವರೆಗೆ ಇಳಿಯುವ ಬಟ್ಟೆ, ಅಜ್ಜಿಯಂದಿರು ಖಣದ ತುಂಡಿನಲ್ಲಿ ಹೊಲಿಯುವಂಥದು. ಕೇಂದ್ರದವರು ಅದೇ ಹೆಸರನ್ನು ತಮ್ಮ ಯಂತ್ರಕ್ಕೆ ಇಟ್ಟಿದ್ದರು. ಮೃದುವಾದ ಬಟ್ಟೆಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ತಂತಿಗಳು. ದಿನ ತುಂಬುವ ಮೊದಲೇ ಹುಟ್ಟಿದ ಕೂಸನ್ನು ಅದರಲ್ಲಿ ಸುತ್ತಿದರೆ ಸಾಕು, ಹೊರಗೆ ಬೆಂಕಿ ಬಿಸಿಲಿರಲಿ, ಕೊರೆಯುವ ಚಳಿಯಿರಲಿ, ಒಳಗೆ ಮೂವತ್ತಾರೂ ಮುಕ್ಕಾಲು ಡಿಗ್ರಿ. ಒಂದು ಗೆರೆ ಹೆಚ್ಚಿಲ್ಲ, ಒಂದು ಗೆರೆ ಕಡಿಮೆಯಿಲ್ಲ. ಮೂರು ವರ್ಷದಲ್ಲಿ ನಾಲ್ಕು ಸಾವಿರ ಕೂಸುಗಳು ಅದರೊಳಗಿದ್ದು, ನಲವತ್ತು ದಿನಕ್ಕೆ ಹೊರಬಂದು, ಗಟ್ಟಿಮುಟ್ಟಾಗಿ ಬೆಳೆಯುತ್ತಿದ್ದವು. ಚಳಿ ಹಿಡಿದು ಸಾಯುತ್ತಿದ್ದ ಕೂಸುಗಳು ಸಾಯುವುದು ನಿಂತಿತ್ತು. ಆ ಲೆಕ್ಕಗಳನ್ನು ಓದಿ, ತಿದ್ದಿ, ವರದಿ ಬರೆಯುತ್ತಿದ್ದವಳು ದಾಕ್ಷಾಯಣಿಯೇ.

ಅವಳ ಮಗಳು ಆರು ವಾರ ಮೊದಲೇ ಹುಟ್ಟಿದಳು. ಒಂದು ಕಿಲೋ ಆರುನೂರು ಗ್ರಾಂ. ಒಂದು ತಾಸಿನೊಳಗೆ ಕುಂಚಿಗೆ ಬಂತು, ಅದೂ ಬಂದು ತಿಂಗಳಷ್ಟೇ ಆದ ಹೊಸ ಮಾದರಿಯದು. ಅದಕ್ಕೊಂದು ಕೀಲಿ. ಐದು ದಿನಕ್ಕೊಮ್ಮೆ ನರ್ಸ್ ಬಂದು ತೆಗೆದು, ಮೂರು ನಿಮಿಷದಲ್ಲಿ ತೊಳೆದದ್ದನ್ನು ತೊಡಿಸಿ, ಮತ್ತೆ ಕೀಲಿ ಹಾಕಿ ಹೋಗಬೇಕು. ಮೊಲೆಯುಣಿಸಲು, ಕೆಳಗೆ ಬಟ್ಟೆ ಬದಲಿಸಲು ಮಾತ್ರ ಸಣ್ಣ ಸಂದಿ. ಕುಂಚಿಗೆ ಬಂದ ಹೊತ್ತು ಅವಳು ಕೃತಜ್ಞತೆಯಿಂದ ಕೈಮುಗಿದು ಅತ್ತಿದ್ದಳು.

ಐದನೆಯ ದಿನ ನರ್ಸ್ ಬಂದು ಕೀಲಿ ತೆಗೆದಳು. ಮೇಲೆ ಫ್ಯಾನ್ ತಿರುಗುತ್ತಿತ್ತು. ನಿಲ್ಲಿಸುವುದನ್ನು ಯಾರೋ ಮರೆತಿದ್ದರು. ಬರಿಮೈಯ ಕೂಸು ಆ ಗಾಳಿಗೆ ಮೂರು ನಿಮಿಷ ಬಿದ್ದುಕೊಂಡಿತ್ತು. ಕೈ ಎತ್ತಲಿಲ್ಲ, ಕಾಲು ಮುದುಡಲಿಲ್ಲ, ಗದ್ದ ನಡುಗಲಿಲ್ಲ. ಸೂರು ನೋಡುತ್ತ ಆರಾಮವಾಗಿ ಮಲಗಿತ್ತು. ದಾಕ್ಷಾಯಣಿ ಪಾದ ಮುಟ್ಟಿದಳು. ತಣ್ಣಗೆ, ಗಡಿಗೆಯ ನೀರಿನಂತೆ.

ಆ ಮುಖವನ್ನು ಅವಳು ಮೊದಲೊಮ್ಮೆ ನೋಡಿದ್ದಳು.

ಎರಡು ತಿಂಗಳ ಹಿಂದೆ, ಪ್ರಯೋಗಾಲಯದಲ್ಲಿ. ಆ ಮುಖ ಒಂದು ಇಲಿಮರಿಯದು.

ಹುಟ್ಟಿದ ಇಲಿಮರಿಗೆ ಕೂದಲಿಲ್ಲ, ಕಣ್ಣು ತೆರೆದಿಲ್ಲ. ತಾಯಿ ಮೇಯಲು ಹೋದಾಗ ಮರಿಗಳು ಒಂದರ ಮೇಲೊಂದು ಬಿದ್ದು ಗುಡ್ಡೆಯಾಗುತ್ತವೆ. ಅಂಚಿನ ಮರಿ ಚಳಿಗೆ ನಡುವಿಗೆ ನುಸುಳುತ್ತದೆ, ನಡುವಿನದು ಸೆಕೆಗೆ ಹೊರಗೆ ಬರುತ್ತದೆ. ದಿನವಿಡೀ ಇದೇ ಆಟ. ಮಿದುಳಿನ ತಳದಲ್ಲಿ, ಮುಂದಿನ ಕಡೆ, ಸಾಸಿವೆಗಿಂತ ಸಣ್ಣ ಜಾಗದಲ್ಲಿ ಬಿಸಿ ತಣ್ಣು ಅರಿಯುವ ಕೋಶಗಳಿರುತ್ತವೆ. ಹುಟ್ಟುವಾಗ ಅವು ಇರುತ್ತವೆ, ಆದರೆ ಪಳಗಿರುವುದಿಲ್ಲ. ಮೊದಲ ಎರಡು ವಾರದಲ್ಲಿ ಒಂದೊಂದಾಗಿ ಎಚ್ಚೆತ್ತು, ಅಳು ಹುಟ್ಟಿಸುವ ಕಡೆಗೆ, ಬೆನ್ನಿನ ಕಂದು ಕೊಬ್ಬನ್ನು ಉರಿಸಿ ಮೈ ಕಾಯಿಸುವ ಕಡೆಗೆ ತಮ್ಮ ಎಳೆಗಳನ್ನು ಚಾಚುತ್ತವೆ. ಆ ಎಚ್ಚರ ವಯಸ್ಸಿಗೆ ತಾನಾಗಿ ಬರುತ್ತದೋ, ಯಾರಾದರೂ ಎಬ್ಬಿಸಬೇಕೋ? ದಾಕ್ಷಾಯಣಿ ಕೇಳಿಕೊಂಡದ್ದು ಅಷ್ಟೇ.

ಒಂದು ಗುಂಪಿನ ಮರಿಗಳನ್ನು ತಾಯಿಯ ಜೊತೆ ಬಿಟ್ಟಳು. ಇನ್ನೊಂದನ್ನು ಸದಾ ಒಂದೇ ಬಿಸಿಯ ಡಬ್ಬಿಯಲ್ಲಿಟ್ಟು ಹನಿಹನಿಯಾಗಿ ಹಾಲು ಕುಡಿಸಿ ಬೆಳೆಸಿದಳು. ಹನ್ನೆರಡನೆಯ ದಿನ ಒಂದೊಂದೇ ಮರಿಯನ್ನು ತಣ್ಣನೆಯ ಸ್ಟೀಲ್ ತಟ್ಟೆಯ ಮೇಲೆ ಮಲಗಿಸಿದಳು. ಇಲಿಮರಿಯ ಅಳು ಮನುಷ್ಯರ ಕಿವಿಗೆ ಎಟುಕದಷ್ಟು ಏರುದನಿಯದು. ಅದನ್ನು ಇಳಿಸಿ ಕೇಳಿಸುವ ಪೆಟ್ಟಿಗೆಯೊಂದಿತ್ತು. ತಾಯಿಯ ಬಳಿ ಬೆಳೆದ ಮರಿ ತಟ್ಟೆ ಮುಟ್ಟಿದ ಕೂಡಲೇ, ಒದ್ದೆ ಬೆರಳಿನಿಂದ ಗಾಜು ಉಜ್ಜಿದಂತೆ, ಪೆಟ್ಟಿಗೆ ಕೀರಿಟ್ಟಿತು. ಡಬ್ಬಿಯ ಮರಿಯದು ಸದ್ದೇ ಇಲ್ಲ. ಪೆಟ್ಟಿಗೆ ಕೆಟ್ಟಿದೆಯೆಂದು ಎರಡು ಸಲ ತಟ್ಟಿ ನೋಡಿದಳು. ಕೆಟ್ಟಿರಲಿಲ್ಲ. ಮರಿ ಆರಾಮವಾಗಿ ಮಲಗಿ, ಆರಾಮವಾಗಿಯೇ ತಟ್ಟೆಯಷ್ಟು ತಣ್ಣಗಾಯಿತು. ಎತ್ತಿಕೊಂಡರೆ ಕೈಗವಸನ್ನು ಚೀಪಿ ಹಾಲು ಹುಡುಕಿತು. ಹಸಿವು ಗೊತ್ತಿತ್ತು; ತಾನು ಸಾಯುತ್ತಿದ್ದೇನೆಂದು ಗೊತ್ತಿರಲಿಲ್ಲ. ಆಮೇಲೆ ಎಷ್ಟು ದಿನ ತಣ್ಣಗೆ ಬಿಸಿಗೆ ಹಾಕಿದರೂ ಆ ಮರಿಗಳು ಕಲಿಯಲಿಲ್ಲ. ಕಲಿಯುವ ಹೊತ್ತು ದಾಟಿಹೋಗಿತ್ತು.

'ಗಂಟೆಯಿದೆ, ನಾಲಗೆಯಿಲ್ಲ' ಎಂದು ವರದಿಯಲ್ಲಿ ಬರೆದಿದ್ದಳು. ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ವಸುಮತಿ ಕಟ್ಟಿ ಆ ಸಾಲಿಗೆ ಕೆಂಪು ಗೀಟು ಎಳೆದಿದ್ದರು.

"ವರದಿಯೊಳಗ ಉಪಮಾ ಬ್ಯಾಡ, ದಾಕ್ಷಾಯಣಿ. ಮತ್ತ ಇಲಿ ಇಲಿ, ಕೂಸು ಕೂಸು. ನಾಲ್ಕು ಸಾವಿರ ಕೂಸು ನಮ್ಮ ಕುಂಚಿಗ್ಯಾಗ ಇದ್ದು ಹೊರಗ ಬಂದಾವ. ಒಂದರೆ ಹಿಂಗ ತಣ್ಣಗ ಮಲಗೇದೇನು? ಅದಕ್ಕ ಉತ್ತರ ಹೇಳು."

ಉತ್ತರ ಇಲ್ಲದ್ದು ಆಗ ಅವಳಿಗೆ ನೆಮ್ಮದಿಯನ್ನೇ ಕೊಟ್ಟಿತ್ತು.

ಮುಂಜಾನೆ ಏಳಕ್ಕೆ ಸರಿಯಾಗಿ ಫಕೀರವ್ವ ಬಂದಳು. ಓಣಿಯ ಬಾಣಂತಿಯರಿಗೂ ಕೂಸುಗಳಿಗೂ ಎಣ್ಣೆ ತಿಕ್ಕಿ ನೀರೆರೆಯುವವಳು. ಮೂವತ್ತೆರಡು ವರ್ಷದ ಹಿಂದೆ ಇದೇ ಬಚ್ಚಲಲ್ಲಿ ದಾಕ್ಷಾಯಣಿಗೂ ಎರೆದವಳು. ಈಗ ಬಾಣಂತಿಯ ಕಾಲು ಚಾಚಿಸಿ, ಮೀನಖಂಡಕ್ಕೆ ಹೆಬ್ಬೆರಳು ಒತ್ತುತ್ತ ಗೊಣಗತೊಡಗಿದಳು.

"ಕೂಸಿಗೆ ಎರೀದ ಬಾಣಂತನ ಅಂದ್ರ ಉಪ್ಪಿಲ್ಲದ ಸಾರು ನೋಡು, ದಾಕ್ಷಿ. ನಿಮ್ಮ ಈ ಹೊಸಾ ಕೀಲಿ ಬಂದಾಗಿಂದ ನನಗ ಕೆಲಸಽ ಇಲ್ಲದಂಗ ಆಗೈತಿ."

"ಮೊದಲಽರ ಏನಿತ್ತು ಕೆಲಸ? ಹಳೇ ಕುಂಚಿಗೀನೂ ತಗೀಬಾರದು ಅಂತಽ ಹೇಳಿದ್ವಲ್ಲ."

ಫಕೀರವ್ವ ಕಿಸಕ್ಕನೆ ನಕ್ಕಳು. ಬಾಗಿಲಲ್ಲಿ ನಿಂತಿದ್ದ ಅವ್ವ ಸುಮ್ಮಸುಮ್ಮನೆ ಕೆಮ್ಮಿದಳು.

"ಹೇಳಿದ್ರಿ, ಹೇಳಿದ್ರಿ. ನೀವು ಹೇಳೂದು ಹೇಳಿದ್ರಿ, ನಾವು ಮಾಡೂದು ಮಾಡಿದ್ವಿ."

ದಾಕ್ಷಾಯಣಿ ಕಾಲು ಹಿಂದಕ್ಕೆ ಎಳೆದುಕೊಂಡಳು. "ಏನ್ ಮಾಡಿದ್ರಿ?"

"ಅಯ್ಯ, ಎದ್ದಕೂಡಬ್ಯಾಡ, ನಡಾ ಹಿಡದೀತು. ಏನ್ ಮಾಡ್ತಾರ? ದಿನಾ ಎರಿತಿದ್ದೆ. ತಗದ್ರ ನಿಮ್ಮ ಆಫೀಸಿನಾಗ ಗಂಟಿ ಹೊಡಿತಿತ್ತಂತಲ್ಲ? ಅದಕ್ಕ ಒಂದು ಚರಿಗಿ ತುಂಬ ಬೆಚ್ಚನ್ನ ನೀರು ಹಾಕಿ, ಚರಿಗಿಗೆ ಕುಂಚಿಗಿ ಉಡಿಸಿ, ತೊಟ್ಟಿಲದಾಗ ಮಲಗಸ್ತಿದ್ದೆ. ಚರಿಗಿ ಗಪ್ಪನ ಮಲಕೊಂಡಿರತಿತ್ತು. ಅಟ್ಟರಾಗ ಕೂಸಿಗೆ ಎಣ್ಣಿ ಹಚ್ಚಿ, ಸುಡು ಸುಡು ನೀರು ಎರದು, ಅಂಗಳದಾಗ ಚೂರು ಗಾಳಿಗೆ ಹಿಡದು, ಲೋಬಾನದ ಹೊಗಿ ಹಾಕಿ, ತಿರುಗಿ ಸುತ್ತಿ ಬಿಡತಿದ್ದೆ. ಕೂಸು ಅತ್ತು ಅತ್ತು ಕೆಂಪಾಗಿ, ಮ್ಯಾಲೆ ಎರಡು ತಾಸು ನಿದ್ದಿ."

"ಎಷ್ಟು ಮನ್ಯಾಗ ಹಿಂಗ?"

"ನನ್ನ ಕೈಯಾಗಿನ ಎಲ್ಲಾ ಮನ್ಯಾಗ. ನನ್ನಂಥಾಕಿ ಊರಿಗೊಬ್ಬಾಕಿ ಇರತಾಳ ತಗೋ. ನನ್ನ ಅಕ್ಕನ ಮಗಳು ನವಲಗುಂದದಾಗ ರೊಟ್ಟಿ ಹಿಟ್ಟಿನ ಮುದ್ದಿಗೆ ಉಡಸ್ತಾಳಂತ." ಅದಕ್ಕೆ ಇನ್ನೊಮ್ಮೆ ನಗು.

"ನನಗ ಒಂದ ಮಾತು ಯಾಕ ಹೇಳ್ಲಿಲ್ಲ? ಅವ್ವಾ, ನಿನಗೂ ಗೊತ್ತಿತ್ತೇನು?"

ಅವ್ವ ಸೆರಗು ಸರಿಮಾಡಿಕೊಂಡು ಒಳಗೆ ಹೋದಳು. ಉತ್ತರ ಕೊಟ್ಟವಳು ಫಕೀರವ್ವ.

"ಹೇಳಿದ್ರ ಬಿಡತಿದ್ದೇನು ನೀ?"

ಅವಳು ಹೋದ ಮೇಲೆ ದಾಕ್ಷಾಯಣಿ ಲ್ಯಾಪ್‌ಟಾಪ್ ತೆರೆದಳು. ಮೂರು ವರ್ಷದ ದಾಖಲೆ. ಹಳೆಯ ಮಾದರಿ ಬಿಸಿಯನ್ನಷ್ಟೇ ಅಳೆಯುತ್ತಿತ್ತು. ಕೂಸಿನ ಬಿಸಿಯ ಗೆರೆ ಉಸಿರಿಗೆ ತಕ್ಕಂತೆ ಸಣ್ಣಗೆ ನಡುಗುತ್ತದೆ. ಆದರೆ ಹತ್ತರಲ್ಲಿ ಒಂಬತ್ತು ಕೂಸುಗಳಲ್ಲಿ, ಪ್ರತಿದಿನ ಮುಂಜಾನೆ ಏಳರಿಂದ ಎಂಟರ ನಡುವೆ, ಉಳಿದವುಗಳಲ್ಲಿ ಮಧ್ಯಾಹ್ನಕ್ಕೋ ಸಂಜೆಗೋ, ಒಂದು ಅರ್ಧ ತಾಸು ಗೆರೆ ನಡುಗುವುದನ್ನು ಬಿಟ್ಟು ನುಣ್ಣಗಾಗುತ್ತಿತ್ತು. ಚರಿಗೆ. ರೊಟ್ಟಿ ಹಿಟ್ಟಿನ ಮುದ್ದೆ.

ಇದನ್ನು ಅವಳು ನೋಡಿರಲಿಲ್ಲ ಎಂದಲ್ಲ. ನೋಡಿದ್ದಳು, ಲೆಕ್ಕಕ್ಕೆ ಬಾರದ ಏರುಪೇರಿಗೆ ಕೇಂದ್ರದಲ್ಲಿ ಅನ್ನುವ 'ಗದ್ದಲ' ಎಂಬ ಹೆಸರನ್ನೂ ಇಟ್ಟಿದ್ದಳು. ಪ್ರತಿ ದಾಖಲೆಯ ಕೆಳಗೂ ಅವಳದೇ ಬರಹ: 'ಬೆಳಗಿನ ಗದ್ದಲ. ಕುಂಚಿಗೆ ಸಡಿಲಾಗಿ ಆಗುವ ದೋಷ. ತೆಗೆಯಲಾಗಿದೆ.' ಅದರ ಕೆಳಗೆ ಸಹಿ. ಆ ಸಡಿಲು ಹೋಗಲಾಡಿಸಲೆಂದೇ ಹೊಸ ಮಾದರಿಗೆ ಕೀಲಿ ಬಂದಿತ್ತು. ನಾಲ್ಕು ಸಾವಿರ ಕೂಸುಗಳನ್ನು ಬದುಕಿಸಿದ್ದು ಕುಂಚಿಗೆಯೂ ಹೌದು, ದಿನಕ್ಕೆ ಅರ್ಧ ತಾಸು ಕುಂಚಿಗೆ ಇಲ್ಲದ್ದೂ ಹೌದು. ಅವಳು ಅಳಿಸಿ ಹಾಕಿದ್ದು ಆ ಅರ್ಧ ತಾಸನ್ನು. ಈಗ ಮಗಳು ಕೀಲಿಯೊಳಗೆ.

ಡಾಕ್ಟರ್ ಕಟ್ಟಿಗೆ ಫೋನ್ ಮಾಡಿದಳು. ಚರಿಗೆಯ ವಿಷಯ ಅರ್ಧ ಹೇಳುವಷ್ಟರಲ್ಲೇ ಅತ್ತಣ ದನಿ ತಣ್ಣಗಾಯಿತು.

"ಯಾರು ತಗೀತಿದ್ರು? ಹೆಸರು ಹೇಳು."

"ಹೆಸರು ಬ್ಯಾಡ್ರೀ ಮೇಡಂ."

"ಹೆಸರಿಲ್ಲ. ಸಾಕ್ಷಿ ಇಲ್ಲ. ಬರದು ಕೊಡು, ಸಮಿತಿ ಮುಂದ ಇಡತೇನಿ. ಮೂರು ವಾರಕ್ಕ ಸಭಾ ಅದ."

"ಮೂರು ವಾರದ ಮ್ಯಾಲೆ ಕಲಿಯೂ ಹೊತ್ತು ಮುಗದಿರತೈತ್ರೀ ಮೇಡಂ. ನನ್ನ ಮಗಳ ಕೀಲಿಯರ ತಗಸ್ರಿ. ದಿನಾ ಹತ್ತು ನಿಮಿಷ ಸಾಕು."

"ನಿನ್ನ ಕೂಸಿಗೊಂದು ನ್ಯಾಯ, ಮಂದಿ ಕೂಸಿಗೊಂದು ನ್ಯಾಯ ಮಾಡ್ಲಿಕ್ಕೆ ಬರತದೇನವಾ?" ಆಮೇಲೆ ಅವರ ದನಿ ಸ್ವಲ್ಪ ಇಳಿಯಿತು. "ಕೇಳಿಲ್ಲೆ. ನೀ ಅನ್ನೂದು ಖರೇ ಅಂತಽ ಇಟ್ಕೋ. ಇದು ಹೊರಗ ಬಿತ್ತಂದ್ರ ನಾಳೆ ಮುಂಜಾನೆ ಕೀಲಿ ಕುಂಚಿಗಿ ಹಾಕಿದ ಆರನೂರಾ ಹನ್ನೆರಡು ಕೂಸಿನ ಅವ್ವಂದಿರು ಕತ್ತರಿ ಹಿಡೀತಾರ. ಕತ್ತರಿಸಿದ ಮ್ಯಾಲೆ ಎಷ್ಟು ಕೂಸು ಅಳತಾವ, ಎಷ್ಟು ಸುಮ್ಮನ ತಣ್ಣಗಾಗತಾವ, ಹೇಳು ನೋಡೋಣು?"

ಅವರು ಕೆಟ್ಟವರಲ್ಲ, ಆ ಮಾತೂ ಸುಳ್ಳಲ್ಲ. ಫೋನ್ ಇಟ್ಟು ಕೀಲಿಯ ಅಂಚಿಗೆ ಉಗುರು ಸಿಕ್ಕಿಸಿ ನೋಡಿದಳು. ಗುಂಡಿ ಟಿಕ್ ಎಂದಿತು. ಕತ್ತರಿಸಿದರೆ ಇಪ್ಪತ್ತು ನಿಮಿಷದಲ್ಲಿ ವಾಹನ ಬಾಗಿಲಿಗೆ ಬರುತ್ತದೆ. ಕೂಸನ್ನು ಕೇಂದ್ರದ ವಾರ್ಡಿಗೆ ಒಯ್ದು, ಹೊಸ ಕುಂಚಿಗೆ ತೊಡಿಸಿ, ತಾಯಿಯನ್ನು ಗಾಜಿನ ಆಚೆ ನಿಲ್ಲಿಸುತ್ತಾರೆ. ಆ ನಿಯಮದ ಭಾಷೆಯನ್ನು ತಿದ್ದಿಕೊಟ್ಟವಳೂ ಅವಳೇ. ಒಂದು ಕಾಮಾ ಕೂಡ ತಪ್ಪಿರಲಿಲ್ಲ.

ಇನ್ನೊಂದು ದಾರಿಯಿತ್ತು. ನಿಯಂತ್ರಣ ಕೋಣೆಯಿಂದ ಹೊಸ ಕುಂಚಿಗೆಗಳಿಗೆ ಕೊಡಬಹುದಾದ ಒಂದು ಸೂಚನೆ: ಬಟ್ಟೆಯನ್ನು ಎಂಟು ನಿಮಿಷ ತಣ್ಣಗೆ ಮಾಡಿ, ತಂತಿಗಳು ಸರಿಯಾಗಿವೆಯೇ ನೋಡಿ, ಮತ್ತೆ ಬಿಸಿ ಮಾಡುವುದು. ಗೋದಾಮಿನ ಪರೀಕ್ಷೆಗೆಂದು ಮಾಡಿದ್ದು, ಕೂಸುಗಳ ಮೇಲೆ ಅದನ್ನು ಯಾರೂ ಬಳಸಿರಲಿಲ್ಲ. ಅದು ಒಂದೊಂದೇ ಕುಂಚಿಗೆಗೆ ಹೋಗುತ್ತಿರಲಿಲ್ಲ. ಕೊಟ್ಟರೆ ಇಡೀ ಮಾದರಿಗೆ. ಐದು ಜಿಲ್ಲೆ, ಆರುನೂರ ಹನ್ನೆರಡು ಕೂಸು.

ರಾತ್ರಿಯೆಲ್ಲ ಟಿಕ್ಕುಗಳನ್ನು ಎಣಿಸಿದಳು.

"ರಜಾದ ಕಾಗದಕ್ಕ ಸಹಿ ಮಾಡಬೇಕಂತವ್ವ, ಇವತ್ತಽ," ಎಂದು ಮುಂಜಾನೆ ಆರಕ್ಕೆ ಸುಳ್ಳು ಹೇಳಿದಳು. ಅವ್ವ ಬೈದಳು, ಅತ್ತಳು, ಕೊನೆಗೆ ಕಿವಿಗೆ ಅರಳೆ ತುರುಕಿ, ತಲೆಗೆ ಗಟ್ಟಿಯಾಗಿ ಸ್ಕಾರ್ಫ್ ಬಿಗಿದು, ಸೆರಗಿನ ತುದಿಗೆ ಬೇವಿನೆಲೆ ಕಟ್ಟಿ ಆಟೋ ಹತ್ತಿಸಿದಳು. ಹತ್ತುವ ಮೊದಲು ದಾಕ್ಷಾಯಣಿ ಅವ್ವನ ಫೋನಿಗೆ ಕರೆ ಹಚ್ಚಿ ಅವಳ ಕೈಗಿಟ್ಟಳು. "ಇದನ್ನ ಕೂಸಿನ ಹತ್ತರ ಇಡು. ಬಂದ್ ಮಾಡಬ್ಯಾಡ. ನನ್ನ ದನಿ ಕೇಳ್ತಿರಲಿ ಅದಕ್ಕ."

ನಿಯಂತ್ರಣ ಕೋಣೆಯಲ್ಲಿ ರಾಚಯ್ಯನೊಬ್ಬನೇ ಇದ್ದ. ನಿವೃತ್ತಿಗೆ ವರ್ಷ ಉಳಿದವನು, ರಾತ್ರಿ ಪಾಳಿಯ ಕಣ್ಣು ಕೆಂಪು.

"ಯವ್ವಾ! ಹತ್ತು ದಿನದ ಬಾಣಂತಿ ಗಾಳ್ಯಾಗ ಬಂದೀರಿ? ನಮ್ಮಾಕಿ ಕೇಳಿದ್ರ ನನಗಽ ಬೈತಾಳ, ನೀ ಯಾಕ ಒಳಗ ಬಿಟ್ಟಿ ಅಂತ."

"ಐದು ನಿಮಿಷದ ಕೆಲಸ ರಾಚಯ್ಯ. ನೀವು ಚಾ ಕುಡಿದು ಬರ್ರಿ, ನಾ ಕುಂಡ್ರತೀನಿ."

"ನೀವಿದ್ರ ದೇವರಿದ್ದಂಗ ಬಿಡ್ರಿ," ಎಂದು ಅವನು ಚಪ್ಪಲಿ ಮೆಟ್ಟಿದ. ಅವಳಿಗೆ ಆ ಮಾತು ಕೇಳಬಾರದಿತ್ತು ಅನ್ನಿಸಿತು.

ಗೋಡೆಯ ತುಂಬ ಪರದೆ. ಹೆಸರಿಡದ ಕೂಸುಗಳಾದ್ದರಿಂದ ತಾಯಂದಿರ ಹೆಸರು: ರೇಣವ್ವ ಅವರ ಕೂಸು, ಹಸೀನಾ ಅವರ ಕೂಸು, ಕಲಾವತಿ ಅವರ ಕೂಸು. ಒಂದೊಂದು ಹೆಸರಿನ ಮುಂದೆ ಮೂರು ಗೆರೆ: ಮೈಯ ಬಿಸಿ, ಎದೆಬಡಿತ, ಬೆನ್ನಿನ ಬಿಸಿ. ಹೆಗಲಿನ ನಡುವಿನ ಕಂದು ಕೊಬ್ಬು ಉರಿದರೆ ಮೂರನೆಯ ಗೆರೆ ಏಳಬೇಕು. ಹೊಸ ಮಾದರಿ ಬಂದಾಗಿಂದ ಆ ಗೆರೆ ಎದ್ದದ್ದನ್ನು ಯಾರೂ ನೋಡಿರಲಿಲ್ಲ. ಏಳುವ ಅಗತ್ಯ ಯಾವ ಕೂಸಿಗೂ ಬಂದಿರಲಿಲ್ಲ.

ಎಚ್ಚರಿಕೆಯ ಗಂಟೆಯನ್ನು ಹತ್ತು ನಿಮಿಷಕ್ಕೆ ಮುಂದೂಡಿದಳು. ಏಳು ಗಂಟೆ ಎರಡು ನಿಮಿಷ. ಸೂಚನೆ ಒತ್ತಿದಳು.

ಮೊದಲ ನಿಮಿಷ ಏನೂ ಆಗಲಿಲ್ಲ. ಎರಡನೆಯದರಲ್ಲಿ ಗೋಡೆಯ ತುಂಬ ಗೆರೆಗಳು ಒಟ್ಟಾಗಿ ಬಾಗಿದವು, ಗಾಳಿಗೆ ಜೋಳದ ಹೊಲ ಬಾಗಿದಂತೆ. ಅರಳೆ ತೆಗೆದು ಫೋನ್ ಹಚ್ಚಿಕೊಂಡ ಕಿವಿಯಲ್ಲಿ ಮನೆಯ ಸದ್ದು: ಬಚ್ಚಲ ಹಂಡೆ, ಅವ್ವನ ಬಳೆ, ಆಮೇಲೆ ಫಕೀರವ್ವನ ಗಂಟಲು.

"ಅಯ್ಯ, ಕುಂಚಿಗಿ ತಣ್ಣಗ ಕೊರಿಯಾಕತ್ತೈತಲ್ರಿ ಅಕ್ಕಾರ!"

"ದಾಕ್ಷೀ, ಕೇಳಾಕತ್ತಿಯೇನು? ಏನರ ಕೆಟ್ಟೈತಿ ನೋಡು!"

"ನೋಡಾಕತ್ತೀನವ್ವ. ಅದನ್ನ ಎತಗೋಬ್ಯಾಡ. ಹಂಗಽ ಇರಲಿ."

ಮೂರನೆಯ ನಿಮಿಷಕ್ಕೆ ಮೇಲಿನ ಸಾಲಿನಲ್ಲಿ ಒಂದು ಬೆನ್ನಿನ ಗೆರೆ ಎದ್ದಿತು. ಕಲಾವತಿ ಅವರ ಕೂಸು, ನಾಲ್ಕು ದಿನದ್ದು. ಎದೆಬಡಿತ ದಡದಡ ಏರಿತು. ಅದು ಅಳುತ್ತಿತ್ತು. ಅದರ ಹಿಂದೆ ಹತ್ತು, ಅದರ ಹಿಂದೆ ನೂರು. ಎಳೆಯ ಕೂಸುಗಳು ಬೇಗ, ದೊಡ್ಡವು ತಡವಾಗಿ. ಐದು ಜಿಲ್ಲೆಗಳಲ್ಲಿ, ಬಾಗಿಲು ಮುಚ್ಚಿದ ಕೋಣೆಗಳಲ್ಲಿ, ಶಾಣೇ ಕೂಸುಗಳೆಲ್ಲ ಒಮ್ಮೆಲೇ ಚೀರುತ್ತಿದ್ದವು. ನಿಯಂತ್ರಣ ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಆರನೆಯ ನಿಮಿಷಕ್ಕೆ ಐದುನೂರು ದಾಟಿತು.

ದಾಕ್ಷಾಯಣಿ ಅವರ ಕೂಸು: ಬೆನ್ನಿನ ಗೆರೆ ಸಪಾಟು.

"ಪಾದ ಹಿಮ ಆಗ್ಯಾವ್ರೀ," ಎಂದಿತು ಫೋನು. "ಸುಮ್ಮನ ಮಕಾ ನೋಡತೈತಿ."

ಏಳನೆಯ ನಿಮಿಷ. ನಿಲ್ಲಿಸುವ ಗುಂಡಿಯ ಮೇಲೆ ಅವಳ ಬೆರಳಿತ್ತು. ನಿಲ್ಲಿಸಿದರೆ ತಿಳಿಯುವುದಿಲ್ಲ, ನಿಲ್ಲಿಸದಿದ್ದರೆ ತಿಳಿದುಬಿಡುತ್ತದೆ. ಯಾವುದು ಹೆಚ್ಚು ಭಯವೆಂದು ಅವಳಿಗೆ ಗೊತ್ತಾಗಲಿಲ್ಲ. ಅಳು, ನನ್ನವ್ವ, ಅಳು, ಎಂದು ತುಟಿ ಅಲ್ಲಾಡುತ್ತಿತ್ತು. ಗೆರೆ ಅಲ್ಲಾಡಿತೋ, ತನ್ನ ಕಣ್ಣೇ ಅಲ್ಲಾಡಿತೋ?

ಗೆರೆ ಎದ್ದಿತು. ಅಕ್ಕಿಕಾಳಿನಷ್ಟು. ಆಮೇಲೆ ಬೆರಳಿನಷ್ಟು.

ಅದರ ಹಿಂದೆಯೇ ಕಿವಿಯೊಳಗೆ ಅಳು ಸಿಡಿಯಿತು. ಹಸಿವಿನ ಕುಂಯ್‌ಗುಟ್ಟುವಿಕೆಯಲ್ಲ. ಸಿಟ್ಟು, ಅಪಮಾನ, ಯಾರು ನನಗೆ ಹೀಗೆ ಮಾಡಿದವರು ಎಂಬ ಜಗಳ.

"ಅತ್ತಳ್ರೀ!" ಫಕೀರವ್ವ ಕೂಗಿದಳು. "ಎಂಥಾ ಗಂಟಲಾ ಐತಿ ನೋಡ್ರಿ ಸೂಳೇಮಗಳದು!"

ಎಂಟು ನಿಮಿಷ ಮುಗಿಯಿತು. ಗೆರೆಗಳು ಮೇಲೇರತೊಡಗಿದವು. ದಾಕ್ಷಾಯಣಿ ಸೆರಗಿನಿಂದ ಮುಖ ಒರೆಸಿಕೊಂಡಳು, ಬೇವಿನೆಲೆ ಕೆನ್ನೆಗೆ ಉಜ್ಜಿತು. ಆಗ ಕಂಡಿತು. ಕೆಳಗಿನ ಸಾಲುಗಳಲ್ಲಿ ಅಲ್ಲೊಂದು ಇಲ್ಲೊಂದು ಗೆರೆ ಕೊನೆಯವರೆಗೂ ಎದ್ದಿರಲಿಲ್ಲ. ಎಣಿಸಿದಳು. ಇನ್ನೊಮ್ಮೆ ಎಣಿಸಿದಳು. ಹತ್ತೊಂಬತ್ತು. ಎಲ್ಲವೂ ಮೂರು ವಾರ ದಾಟಿದವು. ಎದೆಬಡಿತ ಶಾಂತವಾಗಿತ್ತು. ರೇಣವ್ವ ಅವರ ಕೂಸು, ಇಪ್ಪತ್ಮೂರು ದಿನ. ಇವು ಇನ್ನು ಚಳಿಗೆ ಯಾವತ್ತೂ ಅಳುವುದಿಲ್ಲ. ನಲವತ್ತನೆಯ ದಿನ ಕುಂಚಿಗೆ ತೆಗೆದ ಮೇಲೆ, ಯಾವುದೋ ಒಂದು ಮಳೆಯ ಮುಂಜಾನೆ, ಎಲ್ಲರೂ ಶಾಣೇ ಕೂಸು ಅನ್ನುತ್ತಿರುವಾಗಲೇ...

ಆ ಹತ್ತೊಂಬತ್ತು ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಂಡಳು. ಸೂಚನೆಯ ಪಕ್ಕದಲ್ಲಿ ಸಣ್ಣದೊಂದು ಚೌಕ: 'ಪ್ರತಿದಿನ'. ಅದನ್ನೂ, ಗಂಟೆ ಮುಂದೂಡುವುದರ ಪಕ್ಕದ ಅಂಥದೇ ಚೌಕವನ್ನೂ ಒತ್ತಿದಳು.

"ಏನರ ಐತೇನ್ರೀ ಮೇಡಂ?" ರಾಚಯ್ಯ ಎರಡು ಕಪ್ ಚಾ ಹಿಡಿದು ಬಂದ.

"ಏನಿಲ್ಲ ರಾಚಯ್ಯ. ಎಲ್ಲಾ ಬರೋಬರಿ ಐತಿ."

ಮನೆಗೆ ಬಂದಾಗ ಫಕೀರವ್ವ ಇನ್ನೂ ಹೋಗಿರಲಿಲ್ಲ. ಹೊಸ್ತಿಲಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ತಲೆ ಎತ್ತಿ, ಎಳೆಗೂಸನ್ನು ತೂಗಿ ನೋಡುವ ಕಣ್ಣಿನಿಂದ ದಾಕ್ಷಾಯಣಿಯನ್ನು ನೋಡಿದಳು.

"ಏಳಕ್ಕ ಸರಿಯಾಗಿ ಕೆಟ್ಟಿತು ನೋಡು ನಿಮ್ಮ ಯಂತ್ರ. ನಾ ಎರಿಯೂ ಹೊತ್ತಿಗೆ."

"ಒಮ್ಮೊಮ್ಮೆ ಕೆಡತಾವು, ಫಕೀರವ್ವ."

"ನಾಳೆನೂ ಕೆಡತೈತೇನು?"

ದಾಕ್ಷಾಯಣಿ ಸ್ಕಾರ್ಫ್ ಬಿಚ್ಚುತ್ತ ಒಳಗೆ ಹೋದಳು. ಮುದುಕಿ ಎಲೆ ಬಾಯಿಗಿಟ್ಟುಕೊಂಡಳು.

ಹೊರಸಿನ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದಳು. ಇಂದಿನ ದಾಖಲೆಯಲ್ಲಿ, ಏಳು ಎರಡರಿಂದ ಏಳು ಹತ್ತರವರೆಗೆ, ಆರುನೂರ ಹನ್ನೆರಡು ಹೊಂಡಗಳು ಸಾಲಾಗಿ ಬಿದ್ದಿದ್ದವು. ಇದನ್ನು ಹೀಗೇ ಬಿಟ್ಟರೆ ಮಧ್ಯಾಹ್ನದೊಳಗೆ ಯಾರಾದರೂ ನೋಡುತ್ತಾರೆ, ಸಂಜೆಯೊಳಗೆ ಸೂಚನೆ ನಿಲ್ಲುತ್ತದೆ, ಮೂರು ವಾರಕ್ಕೆ ಸಭೆ ಸೇರುತ್ತದೆ. ಮಗಳ ಗೆರೆ ಎದ್ದದ್ದು ಇವತ್ತು ಒಮ್ಮೆ ಮಾತ್ರ. ನಾಳೆ, ನಾಡಿದ್ದು, ದಿನವೂ ಏಳಬೇಕು. ಅಳಿಸಿದರೆ? ಕುಂಚಿಗೆ ತಣ್ಣಗಾಯಿತೆಂದು ಫೋನ್ ಮಾಡುವ ತಾಯಂದಿರಿಗೆ ಕೇಂದ್ರದವರು ದಾಖಲೆ ನೋಡಿ ಏನೂ ಆಗಿಲ್ಲ ಅನ್ನುತ್ತಾರೆ. ಐದುನೂರ ತೊಂಬತ್ಮೂರು ಕೂಸುಗಳು ನಲವತ್ತು ದಿನಕ್ಕೆ ಗಟ್ಟಿಯಾಗಿ ಹೊರಬರುತ್ತವೆ. ಡಾಕ್ಟರ್ ಕಟ್ಟಿ ಆ ಲೆಕ್ಕ ತೋರಿಸಿ, ನೋಡು, ನಿನ್ನ ಹೆದರಿಕೆ ಸುಳ್ಳಾಯಿತು ಅನ್ನುತ್ತಾರೆ. ಕೀಲಿಯ ಕುಂಚಿಗೆ ಇನ್ನಷ್ಟು ಜಿಲ್ಲೆಗೆ ಹೋಗುತ್ತದೆ. ಏಳು ಗಂಟೆಯನ್ನು ಕಾಯುವವಳು ಇವಳೊಬ್ಬಳೇ ಆಗುತ್ತಾಳೆ, ನಲವತ್ತು ದಿನ ಅಲ್ಲ, ಎಷ್ಟು ವರ್ಷವೋ. ಕುಂಚಿಗೆಯೊಂದೇ ಸಾಕೆಂದು ಕೇಂದ್ರವನ್ನು ನಂಬಿಸಿ ಫಕೀರವ್ವನ ಚರಿಗೆ ಮಾಡಿದ ತಪ್ಪನ್ನೇ ಅವಳು ಮಾಡಲಿದ್ದಳು, ಗೊತ್ತಿದ್ದೂ.

ಹತ್ತೊಂಬತ್ತು ತಾಯಂದಿರಿಗಾದರೂ ಹೇಳಬಹುದು. ಕುಂಚಿಗೆ ತೆಗೆಯಬೇಡಿರೆಂದು, ಆಮೇಲೂ ರಾತ್ರಿ ಹಗಲು ಪಾದ ಮುಟ್ಟಿ ನೋಡುತ್ತಿರೆಂದು. ನಿನಗೆ ಹೇಗೆ ಗೊತ್ತು ಎಂದು ಮೊದಲನೆಯವಳು ಕೇಳುತ್ತಾಳೆ. ಅಲ್ಲಿಗೆ ಏಳು ಗಂಟೆಯ ಚಳಿ ಮುಗಿಯುತ್ತದೆ.

ಕೂಸು ಅತ್ತು ದಣಿದು ಮಲಗಿತ್ತು. ಸಂದಿಯಿಂದ ಹೊರಬಂದಿದ್ದ ಪುಟ್ಟ ಪಾದಕ್ಕೆ ತನ್ನ ತಣ್ಣನೆಯ ಬೆರಳು ತಾಗಿಸಿದಳು. ಪಾದ ಚಕ್ಕನೆ ಒಳಗೆ ಸರಿಯಿತು.

ದಾಖಲೆಯ ಆ ಎಂಟು ನಿಮಿಷವನ್ನು ಗುರುತು ಹಾಕಿ ಅಳಿಸಿದಳು. ಕೆಳಗೆ ಬರೆದಳು: 'ಬೆಳಗಿನ ಗದ್ದಲ. ತೆಗೆಯಲಾಗಿದೆ.' ಸಹಿ ಮಾಡಿದಳು. ಆಮೇಲೆ ಬಗ್ಗಿ, ಚೀಟಿಯನ್ನು ಹೊರಸಿನ ಕೆಳಗಿನ ಶೇಗಡಿಗೆ ಹಾಕಿದಳು. ಬೂದಿ ಸರಿದು ಕೆಂಡ ಕಂಡಿತು. ಮೇಲಿನ ಹೆಸರು ರೇಣವ್ವನದಾಗಿತ್ತು. ಅದೇ ಮೊದಲು ಕಪ್ಪಾಯಿತು.

"ಏನ ಸುಟ್ಟ ವಾಸನಿ?" ಅವ್ವ ಒಳಗಿನಿಂದ ಕೇಳಿದಳು. "ಸಹಿ ಆತೇನು? ಆಫೀಸಿನಾಗ ಏನಂದ್ರು?"

ಇನ್ನು ಮೇಲೆ ಇದನ್ನು ಯಾರು ಕೇಳಿದರೂ ಒಂದೇ ಉತ್ತರ ಎಂದು ಅವಳು ಆ ಕ್ಷಣ ನಿರ್ಧರಿಸಿಕೊಂಡಳು. ಅವ್ವನಿಗೂ, ಗಂಡನಿಗೂ, ಮುಂದೆ ಮಗಳಿಗೂ.

"ಏನೂ ಇಲ್ಲವ್ವ," ಎಂದಳು.